"ಲೋಕಲ್ಲಾ?" ಅಂದವರಿಗೆ: ಒಂದು ಬೇಸ್ ಡಬ್ಬದ ಪರವಾಗಿ

1/10
ಉದ್ದ ಕ್ಯಾಪ್ಷನ್, ಮೊದಲೇ ಹೇಳಿಬಿಡ್ತೀನಿ. ಪುರುಸೊತ್ತಿಲ್ಲದವರು ಸೇವ್ ಮಾಡ್ಕೊಂಡು ಆಮೇಲೆ ಓದಿ.

ಫೋಟೋದಲ್ಲಿರೋ ಕಪ್ಪು ಡಬ್ಬ ನೋಡಿ "ಯಾವ ಬ್ರ್ಯಾಂಡ್ ಗುರು?" ಅಂತ ತುಂಬಾ ಜನ ಕೇಳಿದ್ರಿ. ಯಾವ ಬ್ರ್ಯಾಂಡೂ ಅಲ್ಲ. ಚಾಮರಾಜಪೇಟೆಯ ಒಂದು ಸಣ್ಣ ಮರಗೆಲಸದ ಅಂಗಡೀಲಿ ಪ್ಲೈವುಡ್ ಕತ್ತರಿಸಿ, ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದು ಮಾಡಿದ ಬೇಸ್ ಗಿಟಾರ್ ಸ್ಪೀಕರ್ ಕ್ಯಾಬಿನೆಟ್. ಇದನ್ನ ಹೇಳಿದ ತಕ್ಷಣ ಅರ್ಧ ಜನ "ಓ, ಲೋಕಲ್ಲಾ?" ಅಂದ್ರಿ.

ಈ ಹತ್ತು ಪೋಸ್ಟ್ ಆ ಒಂದು ಪದದ ಜೊತೆ ಜಗಳಕ್ಕೆ. ನಮ್ಮೂರಲ್ಲಿ ಬೇಸ್ ನುಡಿಸೋರು "ಗೇರ್ ಇಲ್ಲ, ದುಡ್ಡಿಲ್ಲ" ಅಂತಾರೆ. ಅದು ಅರ್ಧ ನಿಜ. ಮಿಕ್ಕ ಅರ್ಧ ನಾಚಿಕೆ. ಲೋಗೋ ಇಲ್ಲದ ಡಬ್ಬ ಹೊತ್ಕೊಂಡು ಸ್ಟೇಜ್ ಹತ್ತೋಕೆ ನಾಚಿಕೆ.

2/10
ಮೊದಲು, ಬೇಸ್‌ಗೆ ಯಾಕೆ ಇಷ್ಟು ರಗಳೆ ಅಂತ ನೋಡೋಣ.

ಗಿಟಾರಿನ ದಪ್ಪ ತಂತಿ 82 ಹರ್ಟ್ಜ್. ಬೇಸಿನ ದಪ್ಪ ತಂತಿ ಅದರ ಒಂದು ಸ್ಥಾಯಿ ಕೆಳಗೆ, 41 ಹರ್ಟ್ಜ್. ಆ ಅಲೆಯ ಉದ್ದ ಸುಮಾರು 27 ಅಡಿ. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಜೋರು ಬರಬೇಕಂದ್ರೆ ಸ್ಪೀಕರ್ ಕೋನ್ 4 ಪಟ್ಟು ಗಾಳಿ ತಳ್ಳಬೇಕು. ನಮ್ಮ ಕಿವಿ ಬೇರೆ ಕೆಳಗಿನ ಸ್ವರಕ್ಕೆ ಸ್ವಲ್ಪ ಮಂದ.

ಈಗ ನಮ್ಮ ಕಾಲೇಜ್ ಫೆಸ್ಟ್ ನೆನಪಿಸ್ಕೊಳ್ಳಿ. ಲೀಡ್ ಗಿಟಾರಿಗೆ ಒಳ್ಳೆ ಆಂಪ್, ಮುಂದೆ ಮೈಕು. ಬೇಸ್‌ಗೆ ಯಾರದ್ದೋ ಮನೆಯಿಂದ ತಂದ 15 ವಾಟ್ ಪ್ರಾಕ್ಟೀಸ್ ಆಂಪ್. ಡ್ರಮ್ಸ್ ಶುರುವಾದ ಮೇಲೆ ಅದು ಸೊಳ್ಳೆ. ಪಾಪ, ಬೇಸ್ ನುಡಿಸೋನು ಬೆರಳಾಡಿಸ್ತಾ ನಿಂತಿರ್ತಾನೆ, ಯಾರಿಗೂ ಏನೂ ಕೇಳಲ್ಲ, ಅವನಿಗೂ ಕೇಳಲ್ಲ. ನನಗೆ ಗೊತ್ತಿರೋ ಒಬ್ಬ ಜೂನಿಯರ್, ನಮ್ಮೆಲ್ಲರಿಗಿಂತ ಚೆನ್ನಾಗಿ ತಾಳ ಹಿಡೀತಿದ್ದವಳು, ಇದೇ ಕಾರಣಕ್ಕೆ ಬೇಸ್ ಮಾರಿಬಿಟ್ಟಳು. "ಕೇಳಿಸದೇ ಇರೋದನ್ನ ಯಾಕೆ ನುಡಿಸಲಿ?" ಅಂದಳು. ಉತ್ತರ ನಮ್ಮ ಯಾರ ಹತ್ರಾನೂ ಇರ್ಲಿಲ್ಲ. ಇದು ಗೇರ್ ಹುಚ್ಚಿನ ಮಾತಲ್ಲ ಅಂತ ಹೇಳೋಕೆ ಇಷ್ಟು ಹೇಳಿದೆ.

3/10
ಡಬ್ಬ ಏನ್ ಮಾಡುತ್ತೆ?

ಬರೀ ಸ್ಪೀಕರನ್ನ ಆಂಪ್‌ಗೆ ಹಚ್ಚಿ ಟೇಬಲ್ ಮೇಲಿಟ್ಟು ಬೇಸ್ ನುಡಿಸಿ ನೋಡಿ. ತೆಳ್ಳಗೆ ಕೇಳುತ್ತೆ. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಎಳೀತಿರುತ್ತೆ. ಕೆಳಗಿನ ಸ್ವರದ ಅಲೆ ಎಷ್ಟು ಉದ್ದ ಅಂದ್ರೆ ಹಿಂದಿನದು ಸುತ್ತಿ ಬಂದು ಮುಂದಿನದನ್ನ ಹೊಡೆದುಹಾಕುತ್ತೆ. ಡಬ್ಬದ ಮೊದಲ ಕೆಲಸ ಆ ಹಿಂದಿನ ಅಲೆಯನ್ನ ಕೂಡಿಹಾಕೋದು.

ಎರಡನೇ ಕೆಲಸ ಇನ್ನೂ ಮಜಾ. ಡಬ್ಬಕ್ಕೆ ಲೆಕ್ಕ ಹಾಕಿ ಒಂದು ಕೊಳವೆ ಇಟ್ರೆ ಒಳಗಿನ ಗಾಳಿ ತಾನೇ ಒಂದು ಸ್ವರಕ್ಕೆ ಮಿಡಿಯುತ್ತೆ. ಖಾಲಿ ಸೋಡಾ ಬಾಟಲಿ ಬಾಯಿಗೆ ಊದಿದ್ರೆ "ಭೂಂ" ಅನ್ನಲ್ವಾ, ಅದೇ. ಕಚೇರಿಗೆ ಹೋಗಿರೋರಿಗೆ ಇನ್ನೂ ಸುಲಭ: ಘಟದವರು ಮಡಕೆ ಬಾಯಿಯನ್ನ ಹೊಟ್ಟೆಗೆ ಒತ್ತಿ, ಬಿಟ್ಟು, ಗುಮ್ಮನೆಯ ನಾದ ಬದಲಾಯಿಸ್ತಾರಲ್ಲ, ಅದೇ ಭೌತಶಾಸ್ತ್ರ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲಲ್ಲಿ ಎಷ್ಟೋ ಸಲ ಕೇಳಿದೀವಿ. ಅಂಗಡಿಯ ಬೆಲೆಪಟ್ಟಿಯಲ್ಲಿ ಅದಕ್ಕೆ "ಬೇಸ್ ರಿಫ್ಲೆಕ್ಸ್" ಅಂತ ಹೆಸರು, ಅಷ್ಟೇ.

4/10
"ಕಂಪನಿಯವರ ಹತ್ರ ಗುಟ್ಟಿರುತ್ತೆ" ಅನ್ನೋರಿಗೆ.

ಗುಟ್ಟಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲೇ ಈ ಲೆಕ್ಕವನ್ನ ಪ್ರಕಟಿಸಿದ್ರು. 1970ರ ದಶಕದ ಶುರುವಲ್ಲಿ ಸಿಡ್ನಿಯ ರಿಚರ್ಡ್ ಸ್ಮಾಲ್ ಅದನ್ನ ಬೆಳೆಸಿದ್ರು. ಇವತ್ತಿಗೂ ಒಳ್ಳೆ ಸ್ಪೀಕರಿನ ಮಾಹಿತಿ ಹಾಳೆಯಲ್ಲಿ ಇರೋದು "ಥೀಲ್-ಸ್ಮಾಲ್" ಸಂಖ್ಯೆಗಳೇ. ಮುಖ್ಯವಾದವು 3: ಎಫ್‌ಎಸ್ (ಕೋನ್ ತಾನಾಗಿ ಮಿಡಿಯೋ ಸ್ವರ), ವಿಎಎಸ್ (ಅದರ ಸ್ಪ್ರಿಂಗ್‌ತನಕ್ಕೆ ಸಮನಾದ ಗಾಳಿಯ ಪ್ರಮಾಣ), ಕ್ಯೂಟಿಎಸ್ (ಅಲುಗಾಟಕ್ಕೆ ಎಷ್ಟು ಬೇಗ ಕಡಿವಾಣ ಬೀಳುತ್ತೆ ಅನ್ನೋದು). ಈ 3ನ್ನ ವಿನ್‌ಐಎಸ್‌ಡಿ ಅನ್ನೋ ಪುಕ್ಕಟೆ ತಂತ್ರಾಂಶಕ್ಕೆ ಹಾಕಿ. ಎಷ್ಟು ಲೀಟರ್ ಡಬ್ಬ, ಎಷ್ಟುದ್ದ ಕೊಳವೆ, ಗ್ರಾಫ್ ಸಮೇತ ಬರುತ್ತೆ. ಪಿಯುಸಿ ಫಿಸಿಕ್ಸ್ ಪಾಸಾದವರಿಗೆ ಒಂದು ಸಂಜೆಯ ಕೆಲಸ.

5/10
ನನ್ನ ಡಬ್ಬದ ಲೆಕ್ಕ. ಕಣ್ಣುಮುಚ್ಚಿ ಕಾಪಿ ಹೊಡೀಬೇಡಿ, ನಿಮ್ಮ ಸ್ಪೀಕರಿಗೆ ತಕ್ಕಂತೆ ಬದಲಾಗುತ್ತೆ.

- ಒಂದು 12 ಇಂಚಿನ ಸ್ಪೀಕರ್, 8 ಓಮ್.
- 18 ಮಿ.ಮೀ. ಪ್ಲೈ. ಹೊರಗಿನ ಅಳತೆ 60 × 45 × 40 ಸೆಂ.ಮೀ.
- ಒಳಗೆ 85 ಲೀಟರ್. ಸ್ಪೀಕರ್, ಕೊಳವೆ, ಆಧಾರದ ರೀಪರ್ ತುಂಡುಗಳ ಜಾಗ ಕಳೆದ್ರೆ ಸುಮಾರು 75.
- ಕೊಳವೆಗೆ ಬಾತ್‌ರೂಮ್ ನೀರು ಹೋಗೋ 4 ಇಂಚಿನ ಪಿವಿಸಿ ಪೈಪ್. 2 ತುಂಡು, ತಲಾ 26 ಸೆಂ.ಮೀ. ಡಬ್ಬ 45 ಹರ್ಟ್ಜ್ ಹತ್ರ ಮಿಡಿಯುತ್ತೆ.
- ಪೈಪಿನ ಹಿಂಬದಿಗೂ ಗೋಡೆಗೂ ಮಧ್ಯೆ 12 ಸೆಂ.ಮೀ. ಉಳಿಯುತ್ತೆ. ಅಷ್ಟು ಉಸಿರಾಡೋ ಜಾಗ ಬೇಕೇ ಬೇಕು.

8 × 4 ಅಡಿಯ ಒಂದು ಶೀಟಲ್ಲಿ ಇದಕ್ಕೆ ಅರ್ಧ ಕೂಡ ಬೇಡ. ಮಿಕ್ಕಿದ್ದು ಗೆಳೆಯನ ಡಬ್ಬಕ್ಕೆ, ಖರ್ಚೂ ಅರ್ಧ. ಶೀಟ್ ಮೇಲೆ ಐಎಸ್ 710 ಮುದ್ರೆ ಇದ್ರೆ ಅದು ನೀರು ತಡೆಯೋ ಮರೀನ್ ಪ್ಲೈ, ಮಳೆಗಾಲದ ಗಿಗ್‌ಗೆ ಒಳ್ಳೇದು. ಎಲ್ಲಾ ಸೇರಿ ನನಗೆ 15,000 ರೂಪಾಯಿ ಒಳಗೆ ಮುಗೀತು. ಇಂಪೋರ್ಟೆಡ್ ಹೊಸ ಕ್ಯಾಬಿಗೆ ಅಂಗಡೀಲಿ ರೇಟ್ ಕೇಳಿ, ಆಮೇಲೆ ಮಾತಾಡೋಣ.

6/10
ಸ್ಪೀಕರ್ ಆರಿಸೋದು. ಇಲ್ಲೇ ತುಂಬಾ ಜನ ಎಡವೋದು.

ಜೆ.ಸಿ. ರೋಡಿಗೆ ಹೋಗಿ ಕಾರಿನ ಸಬ್‌ವೂಫರ್ ತರಬೇಡಿ. ಅದನ್ನ ಮಾಡಿರೋದು ಮುಚ್ಚಿದ ಕಾರಿನ ಒಳಗಿಗೆ. ಸ್ಟೇಜ್ ಮೇಲೆ ಅದು ವಾಟ್ ಕುಡಿಯುತ್ತೆ, ಶಬ್ದ ಕೊಡಲ್ಲ. ಮೇಲಿನ ಸ್ವರಗಳೂ ಅದರಲ್ಲಿ ಇರಲ್ಲ, ಬೆರಳಿನ ಪೆಟ್ಟು ಸತ್ತುಹೋಗುತ್ತೆ.

ಎಸ್.ಪಿ. ರೋಡಲ್ಲಿ ಪಿಎ ಅಥವಾ ಬೇಸ್ ಗಿಟಾರ್ ಸ್ಪೀಕರ್ ಅಂತ ಕೇಳಿ. "ಎಷ್ಟು ವಾಟ್?" ಅಂತ ಮಾತ್ರ ಕೇಳಿ ಬರಬೇಡಿ, "ಸೆನ್ಸಿಟಿವಿಟಿ ಎಷ್ಟು?" ಅಂತ ಕೇಳಿ. 94 ಡೆಸಿಬಲ್ ಸ್ಪೀಕರ್ ಬದಲು 97ರದ್ದು ಹಾಕಿದ್ರೆ ಆಂಪಿನ ವಾಟ್ ದುಪ್ಪಟ್ಟು ಮಾಡಿದಷ್ಟೇ ಲಾಭ. ಥೀಲ್-ಸ್ಮಾಲ್ ಹಾಳೆ ಇಲ್ಲದ ಸ್ಪೀಕರನ್ನ ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಹೊಳೀತಿರಲಿ. ಇನ್ನೊಂದು: 8 ಓಮಿನ ಎರಡು ಡಬ್ಬ ಪ್ಯಾರಲಲ್ ಆಗಿ ಹಚ್ಚಿದ್ರೆ 4 ಓಮ್. ನಿಮ್ಮ ಆಂಪ್ 4 ಓಮ್ ತಡೆಯುತ್ತಾ ಅಂತ ಹಿಂಬದಿ ಓದಿ ಆಮೇಲೆ ಸ್ವಿಚ್ ಹಾಕಿ.

7/10
ಈ ಪೋಸ್ಟ್ ಕಾರ್ಪೆಂಟರ್ ಅಣ್ಣನಿಗೆ.

ಡ್ರಾಯಿಂಗ್ ನೋಡಿ ಅವರು ಕೇಳಿದ್ದು: "ಏನಪ್ಪಾ ಇದು, ಪಾರಿವಾಳದ ಗೂಡಾ?" ವಿವರಿಸಿದ ಮೇಲೆ ಎರಡು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ಗಾಳಿ ಸೋರಬಾರ್ದು ಅನ್ನು" ಅಂದ್ರು. ಅಷ್ಟೇ ವಿಷಯ. ನಾನು ಮೂರು ವಾರ ಓದಿ ತಿಳ್ಕೊಂಡಿದ್ದನ್ನ ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ರು.

ಒಳಗಿನ ಮೂಲೆ ಮೂಲೆಗೂ ರೀಪರ್ ಕೊಟ್ಟು, ಅಂಟು ಹಾಕಿ ಸ್ಕ್ರೂ ಹೊಡೆದು, ಸಂದಿಗೆ ಸಿಲಿಕಾನ್ ತುಂಬಿದ್ರು. ಎದುರೆದುರು ಗೋಡೆಗಳ ಮಧ್ಯೆ ಒಂದು ಅಡ್ಡಪಟ್ಟಿ, ಇಲ್ಲದಿದ್ರೆ ಪ್ಲೈ ತಾನೇ ತಮಟೆ ಆಗುತ್ತೆ. ಹೊದಿಕೆಗೆ ಆಟೋ ಸೀಟಿನ ರೆಕ್ಸಿನ್. ಹಿಡಿಕೆ ಟ್ರಂಕ್ ಅಂಗಡಿಯದು.

ಸೋರಿಕೆ ನೋಡೋಕೆ ಊದುಬತ್ತಿ ಸಾಕು. ಕೆಳಗಿನ ಸ್ವರ ಹಿಡಿದು ನುಡಿಸ್ತಾ, ಸಂದಿಗಳ ಉದ್ದಕ್ಕೂ ಊದುಬತ್ತಿ ಆಡಿಸಿ. ಹೊಗೆ ಎಲ್ಲಿ ನಡುಗುತ್ತೋ ಅಲ್ಲಿ ತೂತು. (ಪೈಪಿನ ಬಾಯಲ್ಲಿ ನಡುಗೇ ನಡುಗುತ್ತೆ, ಅದು ಅದರ ಕೆಲಸ.)

ಇಂಥ ಕೈಗೆಲಸ ನಮ್ಮ ಪೇಟೆಯಲ್ಲಿ ಇನ್ನೂ ಇದೆ. ನಾವು ಹೋಗಿ ಕೇಳ್ದೇ ಇದ್ರೆ ಅವರು ಟಿವಿ ಯೂನಿಟ್ಟಿಗೆ ಲ್ಯಾಮಿನೇಟ್ ಅಂಟಿಸ್ತಾನೇ ಇರ್ತಾರೆ.

8/10
ಗಿಗ್ ಮಾಡ್ತೀಯಾ ಇದರಲ್ಲಿ, ನಿಜವಾಗ್ಲೂ? ಮಾಡ್ತೀನಿ.

23 ಕೆಜಿ. ಆಟೋ ಸೀಟಲ್ಲಿ ಡಬ್ಬ, ಪಕ್ಕದಲ್ಲಿ ನಾನು, ಮಡಿಲಲ್ಲಿ ಆಂಪ್. ಬಸವನಗುಡಿಯ ಒಂದು ರಸ್ತೆ ಗಣೇಶನ ಮುಂದೆ ನುಡಿಸಿದೀನಿ, ಮಲ್ಲೇಶ್ವರದ ಒಂದು ಸಣ್ಣ ಹಾಲಲ್ಲಿ ನುಡಿಸಿದೀನಿ. ಡ್ರಮ್ಸ್ ಜೊತೆ ಸಲೀಸಾಗಿ ನಿಲ್ಲುತ್ತೆ.

ಒಂದು ಫೆಸ್ಟಲ್ಲಿ ಮಾತ್ರ "ಬ್ಯಾನರ್ ಪಕ್ಕ ಚೆನ್ನಾಗಿ ಕಾಣಲ್ಲ" ಅಂತ ಡಬ್ಬದ ಮೇಲೆ ಕಪ್ಪು ಬಟ್ಟೆ ಹಾಕಿಸಿದ್ರು. ಕಿವಿಗೆ ತೊಂದರೆ ಇರ್ಲಿಲ್ಲ, ಕಣ್ಣಿಗೆ ಇತ್ತು. ಅದೇ ಮಂದಿ ಗಣೇಶನ ಹಬ್ಬದ ಆರ್ಕೆಸ್ಟ್ರಾ ಸೌಂಡ್ಸ್‌ನವರನ್ನ "ಲೋಕಲ್" ಅಂತ ನಗ್ತಾರೆ. ಆ ಸೌಂಡ್ಸ್‌ನವರ ಗೋಡೌನಿಗೆ ಒಮ್ಮೆ ಹೋಗಿ ನೋಡಿ. ಎಷ್ಟೋ ಬಾಕ್ಸ್ ಇಲ್ಲೇ ಮಾಡಿದ್ದು, ಸುಟ್ಟ ಕಾಯಿಲ್ ಇಲ್ಲೇ ಸುತ್ತಿದ್ದು. ನೀವು ಕುಣಿದ ಪ್ರತಿ ವಿಸರ್ಜನೆಯ ಬೇಸ್ ಅವರದ್ದು.

9/10
ಈಗ ನಿಮ್ಮ ಲೋಗೋ ವಿಷಯಕ್ಕೆ ಬರೋಣ.

ನೀವು ಟಿ-ಶರ್ಟ್ ಮೇಲೆ ಹಾಕ್ಕೊಳ್ಳೋ ಮಾರ್ಷಲ್ ಇದೆಯಲ್ಲ, ಅದರ ಜಿಮ್ ಮಾರ್ಷಲ್ ಲಂಡನ್ನಿನಲ್ಲಿ ಡ್ರಮ್ಸ್ ಪಾಠ ಹೇಳ್ತಿದ್ದ ಮನುಷ್ಯ. 1960ರಲ್ಲಿ ಅಂಗಡಿ ತೆರೆದರು. ಅಮೆರಿಕದ ಫೆಂಡರ್ ಆಂಪ್ ಬ್ರಿಟನ್ನಿಗೆ ಬರೋಷ್ಟರಲ್ಲಿ ವಿಪರೀತ ದುಬಾರಿ. ಫೆಂಡರಿನ ಬಾಸ್‌ಮನ್ ಅನ್ನೋ ಬೇಸ್ ಆಂಪನ್ನೇ ಮಾದರಿಯಾಗಿ ಇಟ್ಕೊಂಡು 1962ರಲ್ಲಿ ತಮ್ಮದೊಂದು ಮಾಡಿದರು. ಅಂದ್ರೆ ಇಂಪೋರ್ಟೆಡ್ ಕೊಳ್ಳೋಕಾಗದೆ ಮಾಡಿದ ಲೋಕಲ್ ಮಾಲು. ಇವತ್ತು ಅದೇ ನಿಮಗೆ ಇಂಪೋರ್ಟೆಡ್.

ಮನೆ ಹತ್ರದ ಉದಾಹರಣೆ ಬೇಕಾ? ಮೈಸೂರು ಸೀಮೆಯ ಟಿ. ಚೌಡಯ್ಯ (1895–1967). ದೊಡ್ಡ ಸಭೆಯಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳಲ್ಲ, ಮೈಕ್ ಇನ್ನೂ ಎಲ್ಲೆಲ್ಲೂ ಬಂದಿರಲಿಲ್ಲ. ಅವರು 4 ತಂತಿಯ ವಾದ್ಯಕ್ಕೆ ಇನ್ನೂ 3 ತಂತಿ ಸೇರಿಸಿ 7 ಮಾಡಿಕೊಂಡ್ರು. ಅಪ್ಪಟ ಬೇಸ್ ಪ್ಲೇಯರ್ ಸಮಸ್ಯೆ: ನುಡಿಸ್ತಿದೀನಿ, ಕೇಳಿಸ್ತಿಲ್ಲ. ಉತ್ತರ: ವಾದ್ಯಕ್ಕೇ ಕೈ ಹಾಕೋದು. ಮಲ್ಲೇಶ್ವರದ ಪಕ್ಕ ಪಿಟೀಲಿನ ಆಕಾರದಲ್ಲೇ ನಿಂತಿರೋ ಚೌಡಯ್ಯ ಸ್ಮಾರಕ ಭವನದ ಮುಂದೆ 1980ರಿಂದ ನಮ್ಮೂರ ಜನ ಓಡಾಡ್ತಿದ್ದಾರೆ. ಅದರ ಮುಂದೆ ನಿಂತು ಸೆಲ್ಫಿ ಹಾಕೋರೇ ನನ್ನ ಡಬ್ಬ ನೋಡಿ "ಲೋಕಲ್ಲಾ?" ಅಂತೀರಲ್ಲ!

10/10
ನಿಮ್ಮ ಆಕ್ಷೇಪಣೆಗಳು ಗೊತ್ತು. ಒಂದೊಂದಾಗಿ.

"ಪಿಎಗೆ ನೇರ ಲೈನ್ ಕೊಟ್ರೆ ಸಾಕಲ್ವಾ?" ಒಳ್ಳೆ ಸಬ್‌ವೂಫರ್, ಒಳ್ಳೆ ಮಾನಿಟರ್, ಕಿವಿ ಇರೋ ಇಂಜಿನಿಯರ್ ಮೂರೂ ಇದ್ರೆ ಖಂಡಿತ ಸಾಕು, ಡಬ್ಬ ಮನೇಲಿಡಿ. ನಾವು ನುಡಿಸೋ ಜಾಗದಲ್ಲಿ ಮೂರೂ ಒಟ್ಟಿಗೆ ಎಷ್ಟು ಸಲ ಸಿಕ್ಕಿದೆ, ನೀವೇ ಎಣಿಸಿ.

"ಮಾರಿದ್ರೆ ಬೆಲೆ ಬರಲ್ಲ." ನಿಜ, ಬರಲ್ಲ. ಆದ್ರೆ ಸ್ಪೀಕರ್ ಬಿಚ್ಚಿ ಇನ್ನೊಂದು ಡಬ್ಬಕ್ಕೆ ಹಾಕಬಹುದು. ಕಲಿತಿದ್ದು ನಿಮ್ಮ ಹತ್ರಾನೇ ಇರುತ್ತೆ.

"5 ತಂತಿ ಬೇಸ್ ಗುರು ನಂದು." ಅದರ ಕೆಳಗಿನ ಬಿ 31 ಹರ್ಟ್ಜ್. 45ಕ್ಕೆ ಮಿಡಿಯೋ ಡಬ್ಬದಲ್ಲಿ ಅದಕ್ಕಿಂತ ತುಂಬಾ ಕೆಳಗೆ ಕೋನ್‌ಗೆ ಗಾಳಿಯ ಹಿಡಿತ ತಪ್ಪುತ್ತೆ. ಹೈಪಾಸ್ ಫಿಲ್ಟರ್ ಹಾಕಿ, ವಾಲ್ಯೂಮ್ ನೋಡ್ಕೊಂಡು ನುಡಿಸಿ.

"ಅಕ್ಕಪಕ್ಕದವರು ಬೈತಾರೆ." ಬೈಯೋದು ಸರಿ. ಬಸವನಗುಡಿ ಹಳೇ ಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿರುತ್ತೆ, ಬೇಸ್ ಗೋಡೆ ದಾಟುತ್ತೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚೋ ಹಾಗಿಲ್ಲ. ಮನೇಲಿ ಹೆಡ್‌ಫೋನ್, ಸ್ಟೇಜಲ್ಲಿ ಡಬ್ಬ.

ಸೆಕೆಂಡ್ ಹ್ಯಾಂಡ್ ಒಳ್ಳೇದು ಸಿಕ್ರೆ ತಗೊಳ್ಳಿ, ಬೇಡ ಅನ್ನಲ್ಲ. ದುಡ್ಡಿದ್ರೆ ಹೊಸದೇ ತಗೊಳ್ಳಿ. ಆದ್ರೆ ಅದು ಬರೋವರೆಗೂ ನುಡಿಸಲ್ಲ ಅಂತ ಕೂರಬೇಡಿ. ಪಕ್ಕದವರು ತಾವೇ ಮಾಡ್ಕೊಂಡು ಬಂದಿದ್ದನ್ನ ನೋಡಿ ನಗಲೂಬೇಡಿ. ನಕ್ಕಿದ್ದಕ್ಕೆ ಒಬ್ಬಳು ಬೇಸ್ ಬಿಟ್ರೂ ನಷ್ಟ ನಮ್ಮ ಬ್ಯಾಂಡ್‌ಗಳಿಗೇ.

ನಿಮ್ಮ ಸ್ಪೀಕರಿನ ಆ 3 ಸಂಖ್ಯೆ ಕಾಮೆಂಟಲ್ಲಿ ಹಾಕಿ. ಲೀಟರ್ ಲೆಕ್ಕ, ಪೈಪಿನ ಉದ್ದ ನಾನು ಹಾಕಿಕೊಡ್ತೀನಿ, ಪುಕ್ಕಟೆ. ಪ್ಲೈ ಶೀಟಲ್ಲಿ ಪಾಲು ಬೇಕಾದವರು ಮೆಸೇಜ್ ಮಾಡಿ. ನನ್ನ ಹತ್ರ ಅರ್ಧ ಶೀಟ್‌ಗಿಂತ ಜಾಸ್ತಿ ಉಳಿದಿದೆ.

#ಬೇಸ್ #ಲೋಕಲ್ #ಚಾಮರಾಜಪೇಟೆ #ಬಸವನಗುಡಿ #ಮಲ್ಲೇಶ್ವರ