ಸಿಂಬಳ ಒರೆಸುವುದೂ ಒಂದು ವಿದ್ಯೆ



ಕಳೆದ ಸಂಚಿಕೆ ನಿಮ್ಮ ಕೈ ಸೇರಿದ ಮೇಲೆ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಯೋಚನೆಗೆ ಹಚ್ಚಿತು. ಬರೆದವಳು ನಮ್ಮ ಸಂಘದ ಸದಸ್ಯರೊಬ್ಬರ ಮಗಳು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಬಿ.ಕಾಂ. ಮುಗಿಸಿ, ಶಿಶುಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿ, ಈಗ ಮನೆಯ ಹತ್ತಿರದ ಪಾಳಣಾಘರದಲ್ಲಿ ಕೆಲಸಕ್ಕೆ ಸೇರಿದ್ದಾಳೆ. "ಆಂಟಿ, ಇಷ್ಟು ಓದಿ ಮಕ್ಕಳ ಸಿಂಬಳ ಒರೆಸುತ್ತೀಯಾ, ಬ್ಯಾಂಕಿನಲ್ಲಿ ಕೆಲಸ ಸಿಗಲಿಲ್ಲವೇ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಏನು ಉತ್ತರ ಕೊಡಲಿ?" ಎಂಬುದು ಅವಳ ಪ್ರಶ್ನೆ.

ಪ್ರಶ್ನೆ ಅವಳೊಬ್ಬಳದಲ್ಲ. ನಿಮ್ಮಲ್ಲಿ ಹಲವರು ಈಗ ಚಿಕ್ಕ ಮಕ್ಕಳ ತಂದೆ ತಾಯಿಯರು. ಊರಿನ ಮನೆಯಲ್ಲಾದರೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಎಂದು ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳಿದ್ದವು. ಇಲ್ಲಿ ಎರಡು ಕೋಣೆಯ ಮನೆ, ಗಂಡ ಹೆಂಡತಿ ಇಬ್ಬರಿಗೂ ನೌಕರಿ, ಲೋಕಲ್ ರೈಲಿನ ಪ್ರಯಾಣ ಬೇರೆ. ಮಗು ಎಚ್ಚರವಾಗಿರುವ ಹೊತ್ತಿನಲ್ಲಿ ಹೆಚ್ಚು ಪಾಲು ಪಾಳಣಾಘರದಲ್ಲೇ ಕಳೆದುಹೋಗುತ್ತದೆ. ಅಷ್ಟು ಹೊತ್ತು ನಮ್ಮ ಮಗುವನ್ನು ಯಾರ ಕೈಗೆ ಒಪ್ಪಿಸುತ್ತೇವೋ ಅವರ ಕೆಲಸವನ್ನು ಕೀಳೆಂದು ನೋಡಿದರೆ, ನಮ್ಮ ಮಗುವನ್ನೇ ಕೀಳಾಗಿ ಕಂಡಂತಾಗುವುದಿಲ್ಲವೇ?

ಈ ಕೆಲಸಕ್ಕೆ ನಮ್ಮ ದೇಶದಲ್ಲಿ ದೊಡ್ಡ ಪರಂಪರೆಯೇ ಇದೆ. ಗಿಜುಭಾಯಿ ಬಧೇಕಾ ವಕೀಲಿ ವೃತ್ತಿ ಬಿಟ್ಟು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು. ಮಕ್ಕಳ ಮೇಲಿನ ಅವರ ಮಮತೆ ಕಂಡು ಜನ ಅವರನ್ನು 'ಮೀಸೆ ಇರುವ ತಾಯಿ' ಎಂದೇ ಕರೆದರು. ಮಕ್ಕಳ ಆರೈಕೆ ಹೆಂಗಸರ ಕೆಲಸ ಎನ್ನುವ ಹುಡುಗರು ಇದನ್ನು ನೆನಪಿಡಬೇಕು! ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ನಮ್ಮ ಮುಂಬಯಿಗೆ ದೂರವಲ್ಲದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಬಾಲವಿಧವೆಯಾಗಿದ್ದು ಓದಿ ಶಿಕ್ಷಕಿಯಾದ ಅನುತಾಯಿ ವಾಘ್ ಅವರ ಜೊತೆಗೂಡಿದರು. ಬಡವರ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಇವರೇ ಮಕ್ಕಳಿದ್ದ ಕೇರಿಯ ಅಂಗಳಕ್ಕೆ ಹೋದರು. ಮೊದಲು ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು. ಆಮೇಲೆ ಹಾಡು, ಆಟ. ಎಣಿಸಲು ಬೀಜ, ಕಲ್ಲು, ಚಿಪ್ಪು, ಎಲೆಗಳೇ ಸಾಕಾದವು. ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತು ಶಾಲೆ ತಪ್ಪಿಸುತ್ತಿದ್ದ ಹುಡುಗಿಯರಿಗಾಗಿ ಕೋಸಬಾಡದಲ್ಲಿ ಪಾಳಣಾಘರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ನಡೆಸಿದರು. ಕೂಸನ್ನು ನೋಡಿಕೊಳ್ಳುವವರು ಇದ್ದರೆ ಅಕ್ಕನ ಓದೂ ಉಳಿಯುತ್ತದೆ ಎಂಬ ಸರಳ ಲೆಕ್ಕ ಅದು. ಮುಂದೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಆರಂಭವಾದಾಗ 'ಅಂಗನವಾಡಿ' ಎಂಬ ಹೆಸರು ದೇಶದ ಮನೆಮಾತಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ.

ಇನ್ನು ವಿದ್ಯೆಯ ಮಾತು. ಪಾಳಣಾಘರದಲ್ಲಿ ದುಡಿಯುವವರಿಗೂ, ಮಗುವನ್ನು ಅಲ್ಲಿ ಬಿಡುವವರಿಗೂ ಉಪಯೋಗವಾಗಲೆಂದು ಕೆಲವು ವಿಷಯ ಬರೆಯುತ್ತೇನೆ.

ಮೊದಲನೆಯದು, ಮಗುವಿನ ಎತ್ತರಕ್ಕೆ ಇಳಿದು ಮಾತಾಡುವುದು. ನೆಲದ ಮೇಲೆ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು, ಹೆಸರು ಹಿಡಿದು ಕರೆಯಬೇಕು. ಬಿ.ಎ. ತರಗತಿಯಲ್ಲಿ ಡಿಕನ್ಸನ 'ಹಾರ್ಡ್ ಟೈಮ್ಸ್' ಓದಿದವರಿಗೆ ಅದರಲ್ಲಿ ಹುಡುಗಿಯೊಬ್ಬಳನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆಯುವ ಗ್ರ್ಯಾಡ್‌ಗ್ರೈಂಡ್ ನೆನಪಿರಬಹುದು. ಅದು 1854ರ ಕಾದಂಬರಿ. ಇಂದಿಗೂ "ಏ ಕೆಂಪು ಫ್ರಾಕ್, ಇಲ್ಲಿ ಬಾ" ಎಂದು ಕರೆಯುವವರಿದ್ದಾರೆ. ಮಗುವನ್ನು ಹಿಂದಿನಿಂದ ಹಠಾತ್ತನೆ ಎತ್ತದೆ, "ಈಗ ಎತ್ತಿಕೊಳ್ಳುತ್ತೇನೆ, ಚಡ್ಡಿ ಬದಲಿಸೋಣ" ಎಂದು ಹೇಳಿ ಎತ್ತಬೇಕು. ಉಣಿಸುವಾಗ, ತೊಳೆಸುವಾಗ ಆಡುವ ಈ ಮಾತುಗಳಿಂದಲೇ ಮಗು ಭಾಷೆ ಕಲಿಯುತ್ತದೆ. ಆರೈಕೆ ಬೇರೆ, ಪಾಠ ಬೇರೆ ಎಂಬ ಭೇದ ಮೂರು ವರ್ಷದ ಒಳಗಿನ ಮಗುವಿಗಿಲ್ಲ.

ಎರಡನೆಯದು, ಅಗಲಿಕೆ. ತಾಯಿ ಕಣ್ಣು ತಪ್ಪಿಸಿ ಓಡಿಹೋದರೆ ಮಗು ಆ ಹೊತ್ತಿಗೆ ಅಳದಿರಬಹುದು. ಆದರೆ ತಿರುಗಿ ನೋಡುವಷ್ಟರಲ್ಲಿ ಅಮ್ಮ ಮಾಯವಾಗುತ್ತಾಳೆ ಎಂಬ ಭಯ ಅದಕ್ಕೆ ಅಂಟಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ತಾಯಿಯೋ ತಂದೆಯೋ ಜೊತೆಗಿದ್ದು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊತ್ತು ಬಿಟ್ಟು ರೂಢಿಮಾಡಿಸಬೇಕು. "ಹಾಲು ಕುಡಿದು ಎದ್ದ ಮೇಲೆ ಬರುತ್ತೇನೆ" ಎಂದು ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಪಾಳಣಾಘರದವರೂ ಪ್ರತಿ ಮಗುವಿಗೆ ತನ್ನವರು ಎನ್ನಿಸುವ ಒಬ್ಬರನ್ನು ಗೊತ್ತುಮಾಡಿಡುವುದು ಒಳ್ಳೆಯದು. ವಾರಕ್ಕೊಬ್ಬರು ಬದಲಾದರೆ ಮಗು ಯಾರನ್ನು ನಂಬಬೇಕು?

ಮೂರನೆಯದು, ಮನೆಮಾತು. ನಮ್ಮಂಥ ಹೊರನಾಡಿನವರಿಗೆ ಇದು ಮುಖ್ಯ. ಮನೆಯಲ್ಲಿ ಕನ್ನಡ ಕೇಳುವ ಮಗು "ಉಚ್ಚೆ" ಎಂದಾಗ ಅದು ಅಲ್ಲಿ ಯಾರಿಗೂ ತಿಳಿಯದಿದ್ದರೆ ಚಡ್ಡಿ ಒದ್ದೆಯಾಗುತ್ತದೆ, ಬೈಗುಳ ಮಗುವಿಗೆ ಬೀಳುತ್ತದೆ. ಇದಕ್ಕೆ ಹೆದರಿ ಕೆಲವರು ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸುತ್ತಾರೆ. ಅದು ಬೇಡ. ನೀರು, ಉಚ್ಚೆ, ಕಕ್ಕ, ನೋವು, ನಿದ್ದೆ, ಹಸಿವು, ಅಮ್ಮ - ಈ ಏಳು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಹಾಕಿ ಕೊಡಿ. ನೋಡಿಕೊಳ್ಳುವ ಮಾವಶಿಗೆ ಅದನ್ನು ಕಲಿಯಲು ಎರಡು ದಿನ ಸಾಕು. ಮಗು ಮರಾಠಿ, ಹಿಂದಿ, ಇಂಗ್ಲಿಷನ್ನೂ ಆಡುತ್ತಾಡುತ್ತಲೇ ಕಲಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯ ಮಕ್ಕಳ ಕಲಿಕೆಯಲ್ಲಿ ಮನೆಮಾತಿಗೆ ಮಹತ್ವ ಕೊಟ್ಟಿದೆ.

ನಾಲ್ಕನೆಯದು, ಬೈಗುಳ ಮತ್ತು ಪೆಟ್ಟು. ಒಂದೂವರೆ ವರ್ಷದ ಮಗು ಇನ್ನೊಂದನ್ನು ಕಚ್ಚಿದರೆ ಅದು ದುಷ್ಟತನವಲ್ಲ. ಹೇಳಲು ಮಾತಿಲ್ಲದ್ದನ್ನು ಹಲ್ಲಿನಿಂದ ಹೇಳುತ್ತಿದೆ ಅಷ್ಟೆ. ಪೆಟ್ಟಾದ ಮಗುವನ್ನು ಮೊದಲು ಸಂತೈಸಿ, ಕಚ್ಚಿದ ಮಗುವಿಗೆ "ಕಚ್ಚಬಾರದು, ನೋವಾಗುತ್ತದೆ" ಎಂದು ಗಟ್ಟಿಯಾಗಿ, ಚಿಕ್ಕದಾಗಿ ಹೇಳಿ ಬೇರೆ ಕಡೆ ಕೂರಿಸಬೇಕು. ಹಸಿವಿತ್ತೇ, ನಿದ್ದೆಗೆಟ್ಟಿತ್ತೇ, ಒಂದೇ ಆಟಿಕೆಗೆ ಜಗಳವೇ ಎಂದು ಆಮೇಲೆ ನೋಡಬೇಕು. "ಕೆಟ್ಟವನು", "ಅಳುಮುಂಜಿ" ಎಂದು ಹೆಸರಿಟ್ಟರೆ ಮಗು ಆ ಹೆಸರಿಗೆ ತಕ್ಕಂತೆಯೇ ಬೆಳೆಯುತ್ತದೆ.

ಐದನೆಯದು, ಎಚ್ಚರಿಕೆ. ಇಡೀ ಶೇಂಗಾ, ಗಟ್ಟಿ ಪೆಪ್ಪರಮೆಂಟು ಎಳೆ ಮಕ್ಕಳಿಗೆ ಬೇಡ; ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು. ಒಂದು ವರ್ಷದೊಳಗಿನ ಕೂಸನ್ನು ಬೋರಲಾಗಿ ಹಾಕದೆ ಅಂಗಾತ ಮಲಗಿಸಬೇಕು. ದಿಂಬು, ಮೆತ್ತನೆಯ ಗೊಂಬೆ ಪಕ್ಕದಲ್ಲಿರಬಾರದು. ನೀರಿನ ಅಭಾವದ ಊರೆಂದು ಬಕೆಟ್ ತುಂಬಿಡುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ. ಅರ್ಧ ಬಕೆಟ್ ನೀರಿನಲ್ಲೂ ಮಗು ಮುಳುಗಬಹುದು. ಸಂಜೆ ಗೊತ್ತಿಲ್ಲದವರು ಬಂದು "ನಾನು ಮಾಮ" ಎಂದರೆ, ಮನೆಯವರು ಮೊದಲೇ ತಿಳಿಸದ ಹೊರತು ಮಗುವನ್ನು ಒಪ್ಪಿಸಬಾರದು. ಇನ್ನು ಮೊಬೈಲು: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ ಒಂದು ವರ್ಷದ ಮಗುವಿಗೆ ಅದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಮೊಬೈಲು ತೋರಿಸಿ ಊಟ ಮಾಡಿಸುವ ಪಾಳಣಾಘರ ನೋಡಲು ಶಾಂತವಾಗಿರುತ್ತದೆ. ಆ ಶಾಂತಿಗೆ ಮರುಳಾಗಬೇಡಿ.

ತಂದೆ ತಾಯಿಯರಿಗೂ ಎರಡು ಮಾತು. ಮೂರು ವರ್ಷದ ಮಗುವಿಗೆ "ಹೋಂವರ್ಕ್ ಏಕಿಲ್ಲ? ಎ ಬಿ ಸಿ ಬರೆಯಲು ಯಾವಾಗ ಕಲಿಸುತ್ತೀರಿ?" ಎಂದು ಟೀಚರನ್ನು ಪೀಡಿಸಬೇಡಿ. ಚಪಾತಿ ಹಿಟ್ಟು ನಾದಿ, ಮಣಿ ಪೋಣಿಸಿ, ರಾಜ್ಮಾ ಮತ್ತು ಕಡಲೆ ಬೇರೆ ಮಾಡಿ ಬೆರಳು ಗಟ್ಟಿಯಾದ ಮೇಲೆ ಪೆನ್ಸಿಲು ತಾನಾಗಿ ಕೈಗೆ ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ, ನಿಜ. ಆದರೆ ಮೊಳಕೆಯನ್ನೇ ಬಗ್ಗಿಸಹೊರಟರೆ ಅದು ಮುರಿಯುತ್ತದೆ.

ಎರಡನೆಯದಾಗಿ, ಗೋಡೆಯ ಮೇಲಿನ ಬಣ್ಣದ ಚಿತ್ರ ನೋಡಿ ಪಾಳಣಾಘರ ಆರಿಸಬೇಡಿ, ತಲೆ ಎಣಿಸಿ. 2013ರ ರಾಷ್ಟ್ರೀಯ ನೀತಿಯ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರರವರೆಗಿನ 20 ಮಕ್ಕಳಿಗೆ ಒಬ್ಬರು ಇರಬೇಕು. ಒಬ್ಬಳೇ ಹೆಂಗಸು ಹದಿನೆಂಟು ಕೂಸುಗಳ ಹಿಂದೆ ಓಡುತ್ತಿದ್ದರೆ ಅವಳೆಷ್ಟೇ ಒಳ್ಳೆಯವಳಾದರೂ ಕೈ ಸೋಲುತ್ತದೆ. ಅವಳ ಸಂಬಳ ಎಷ್ಟು, ಮಧ್ಯಾಹ್ನ ಕುಳಿತು ಉಣ್ಣಲು ಹತ್ತು ನಿಮಿಷವಾದರೂ ಇದೆಯೇ ಎಂದೂ ವಿಚಾರಿಸಿ. ಹೋಟೆಲಿಗೆ, ಸಿನಿಮಾಕ್ಕೆ ಲೆಕ್ಕವಿಲ್ಲದೆ ಖರ್ಚು ಮಾಡುವ ನಾವು ಪಾಳಣಾಘರದ ಫೀ ನೂರು ರೂಪಾಯಿ ಏರಿದರೆ ಜಗಳಕ್ಕೆ ನಿಲ್ಲುತ್ತೇವೆ. ಸಂಜೆ ಮಗುವನ್ನು ಕರೆದೊಯ್ಯುವಾಗ ಗಡಿಬಿಡಿ ಎಷ್ಟೇ ಇರಲಿ, "ಇವತ್ತು ಏನು ತಿಂದ, ಎಷ್ಟು ಹೊತ್ತು ಮಲಗಿದ?" ಎಂದು ಕೇಳಿ, ಹೇಳಿದ್ದನ್ನು ನಿಂತು ಕೇಳಿಸಿಕೊಳ್ಳಿ. ಅಲ್ಲಿನ ಮಾವಶಿಗೆ ನಮಸ್ಕಾರ ಹೇಳುವುದನ್ನು ನಿಮ್ಮನ್ನು ನೋಡಿಯೇ ಮಗು ಕಲಿಯುತ್ತದೆ.

ಮುಂದಿನ ಮಾಸಿಕ ಸಭೆಗೆ ಬರುವಾಗ ಆ ಏಳು ಮಾತುಗಳ ಪಟ್ಟಿಯನ್ನು ಬರೆದು ತನ್ನಿ. ನಿಮ್ಮ ಮನೆಯಲ್ಲಿ ಬೇರೆ ಮಾತು ಬಳಸುತ್ತಿದ್ದರೆ ಅದನ್ನೂ ಸೇರಿಸಿ. ಧಾರವಾಡದ ಮಗುವಿನ ಮಾತು ಬೇರೆ, ಮಂಗಳೂರಿನ ಮಗುವಿನ ಮಾತು ಬೇರೆ. ಎಲ್ಲವನ್ನೂ ಕೂಡಿಸಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹತ್ತಿರದ ಪಾಳಣಾಘರಗಳಿಗೆ ಕೊಡೋಣ.