ಕರಗಿದ ಬೆಟ್ಟಕ್ಕೂ ಮಾರ್ಕು ಕೊಡಿ

ನಮ್ ಹೈದ ಸ್ಕೂಲಿನ ವಸ್ತುಪ್ರದರ್ಶನಕ್ಕ ಗೋಪಾಲಸ್ವಾಮಿ ಬೆಟ್ಟದ ಮಾದರಿ ಮಾಡ್ದ. ಥರ್ಮಾಕೋಲ್ ಕುಯ್ದು, ಅಂಟು ಹಾಕಿ, ಮೇಲೆ ಹಸಿರು ಸ್ಪ್ರೇ ಹೊಡ್ದ ನೋಡಿ, ಬೆಟ್ಟವೇ ಕರಗೋಯ್ತು! ಸ್ಪ್ರೇ ಬಣ್ಣದಲ್ಲಿರೋ ದ್ರಾವಕ ಥರ್ಮಾಕೋಲನ್ನ ತಿಂದ್ಬುಡ್ತದ. ಅಂಗಡಿಗ ಫೋನ್ ಮಾಡಿ ರೆಡಿ ಮಾದರಿ ತರಿಸ್ಬುಡವ ಅಂತ ನಾನೂ ಹೊಂಟಿದ್ದೆ. ಅಂವ ಬುಡ್ನಿಲ್ಲ. ಹೊಸದಾಗಿ ಕುಯ್ದು, ಪೇಪರ್ ಅಂಟಿಸಿ, ಒಣಗಿಸಿ, ನೀರಿನ ಬಣ್ಣ ಬಳ್ದ.

ಅಳತೇಲೂ ಪೇಚಾಟ. ಬೆಟ್ಟ 1,454 ಮೀಟರ್. 1:1000 ಅಂದ್ರ 145 ಸೆಂಟಿಮೀಟರ್, ಹೆಚ್ಚುಕಮ್ಮಿ ಅವನಷ್ಟೇ ಎತ್ತರ! "ಅವ್ವಾ, ಅದು ಸಮುದ್ರದಿಂದ ಲೆಕ್ಕ. ನಮ್ ಗುಂಡ್ಲುಪೇಟೆ ಏನ್ ಸಮುದ್ರದಲ್ಲಿದ್ದಾ?" ಅಂದ. ಬುಡದ ಎತ್ತರ ಕಳ್ದ ಮೇಲೆ ಬೆಟ್ಟ ಮೇಜಿನ ಮೇಲೆ ಕೂತ್ಕತು.

ಬಹುಮಾನ ಹೋದದ್ದು ದುಡ್ಡು ಕೊಟ್ಟು ಚಾಮರಾಜನಗರದಿಂದ ಮಾಡಿಸ್ಕಂಡು ಬಂದ ಮಾದರಿಗ. ಒಂದ್ ಗೆರೆ ಸೊಟ್ಟ ಇಲ್ಲ, ಮೊಗೀನ ಕೈ ಗುರುತೂ ಇಲ್ಲ.

ಮೇಷ್ಟ್ರೇ, ಅಂದ ನೋಡಿ ಮಾರ್ಕು ಹಾಕ್ಬೇಡಿ. "ಎಲ್ಲಿ ಕೆಡ್ತು, ಹೆಂಗ ಸರಿ ಮಾಡ್ದೆ?" ಅಂತ ಒಂದ್ ಮಾತು ಕೇಳಿ. ಕೊಂಡ್ಕಂಡು ಬಂದವ್ರು ಬಾಯ್ ಬುಡಲ್ಲ. ನಾವು ಹೆತ್ತವ್ರೂ ಅಷ್ಟೇ: ಐಕ್ಳು ಕೆಡಿಸ್ಲಿ ಬುಡಿ, ಕಲಿಯೋದು ಅಲ್ಲೇ.