ಬೇರಿನ ಪುಡಿ ಮತ್ತು ಸುರಂಗದ ಭಯ

“ಮೆಂಟಲ್ ಡಾಕ್ಟರ ಮಾತ್ರೆ ಒಂದ್ಸಲ ಹಿಡಿದರೆ ಬಿಡೋಕಾಗಲ್ಲ. ಅಶ್ವಗಂಧ ತಗೊಳ್ಳಿ, ಸೈಡ್ ಎಫೆಕ್ಟೇ ಇಲ್ಲ.” ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರದ ಕಡೆ ಆತಂಕದಿಂದ ನರಳುವವರಿಗೆ ಈ ಸಲಹೆ ಪಾರ್ಕಿನ ಬೆಂಚಿನಲ್ಲೂ ಸಿಗುತ್ತದೆ, ಗ್ರಂಥಿಗೆ ಅಂಗಡಿಯ ಮುಂದೆಯೂ ಸಿಗುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಈ ಮಾತನ್ನು ನಾನು ಒಪ್ಪಲಾರೆ. ಗಿಡಮೂಲಿಕೆಯಿಂದ ಮೈಯ ತಳಮಳ ತಗ್ಗಬಹುದು, ನಿದ್ದೆ ಬರಬಹುದು. ಭಯವನ್ನು ಎದುರಿಸುವ ಕೆಲಸವನ್ನು ಅದು ನಮ್ಮ ಪರವಾಗಿ ಮಾಡಿಕೊಡದು. ಆ ಕೆಲಸವನ್ನು ಮುಂದೂಡಲು ನೆಪವಾದರೆ ಎಂಥ ಒಳ್ಳೆಯ ಬೇರೂ ಕೆಡುಕನ್ನೇ ಮಾಡುತ್ತದೆ.

ನೇರಳೆ ಮಾರ್ಗದ ಮೆಟ್ರೊವನ್ನೇ ತೆಗೆದುಕೊಳ್ಳಿ. ಕೆಂಗೇರಿ ಕಡೆಯಿಂದ ಬರುವ ರೈಲು ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ ದಾಟಿ ಮಾಗಡಿ ರಸ್ತೆಯವರೆಗೆ ಕಂಬಗಳ ಮೇಲೆ, ಬೆಳಕಿನಲ್ಲಿ ಸಾಗುತ್ತದೆ. ಅಲ್ಲಿಂದಾಚೆ ನೆಲದೊಳಕ್ಕೆ ಇಳಿದರೆ ಸಿಟಿ ರೈಲ್ವೆ ನಿಲ್ದಾಣ, ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ಐದು ನಿಲ್ದಾಣಗಳೂ ಸುರಂಗದಲ್ಲೇ. ಮುಚ್ಚಿದ ಜಾಗಕ್ಕೆ ಅಂಜುವವರ ಪಾಲಿಗೆ ಮಾಗಡಿ ರಸ್ತೆಯೇ ಕೊನೆಯ ನಿಲ್ದಾಣ. ಅಲ್ಲಿ ಇಳಿದು ಬಸ್ಸು ಹತ್ತಿದ ಕೂಡಲೇ ಎದೆ ಹಗುರಾಗುತ್ತದೆ. ತೊಂದರೆ ಬೇರೂರುವುದು ಆ ಹಗುರದಲ್ಲೇ. ತಪ್ಪಿಸಿಕೊಂಡಿದ್ದರಿಂದಲೇ ಉಳಿದುಕೊಂಡೆ ಎಂದು ಮನಸ್ಸು ಪಾಠ ಕಲಿಯುತ್ತದೆ. ಮುಂದೊಂದು ದಿನ ಗಾಬರಿ ಹೊಸಹಳ್ಳಿಯಲ್ಲೇ ಶುರುವಾಗುತ್ತದೆ. ಆಮೇಲೆ ವಿಜಯನಗರ ನಿಲ್ದಾಣದ ಮೆಟ್ಟಿಲಲ್ಲೇ. ಈ ನಡುವೆ ರಾತ್ರಿ ಹಾಲಿಗೆ ಚೂರ್ಣ ಬೆರೆಸಿ ಕುಡಿಯುವುದು ತಪ್ಪದೆ ನಡೆದಿರುತ್ತದೆ. “ಈಗ ಮೊದಲಿನಷ್ಟು ಗಾಬರಿ ಆಗಲ್ಲ” ಎಂಬ ಸಮಾಧಾನವೂ ಇರುತ್ತದೆ. ಸುರಂಗದ ಹತ್ತಿರವೇ ಸುಳಿಯದವರಿಗೆ ಗಾಬರಿ ಎಲ್ಲಿಂದ ಬರಬೇಕು? ಬದುಕು ಕಿರಿದಾಗುತ್ತಿದೆ, ಕೀರ್ತಿ ಚೂರ್ಣಕ್ಕೆ ಹೋಗುತ್ತಿದೆ.

ಇಂಥ ಭಯಕ್ಕೆ ಮದ್ದು ಗೊತ್ತಿಲ್ಲವೆಂದಲ್ಲ. 1924ರಲ್ಲೇ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ, ಮೊಲವೆಂದರೆ ಹೆದರುತ್ತಿದ್ದ ಮಗುವೊಂದು ತಿಂಡಿ ತಿನ್ನುವಾಗ ಮೊಲವನ್ನು ದಿನದಿನಕ್ಕೆ ಒಂದಿಷ್ಟು ಹತ್ತಿರ ತಂದು ಆ ಹೆದರಿಕೆ ಬಿಡಿಸಿದ್ದರು. 1958ರಲ್ಲಿ ಮನೋವೈದ್ಯ ಜೋಸೆಫ್ ವೋಲ್ಪೆ ಈ ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿಗೆ ಒಂದು ಕ್ರಮ ಕೊಟ್ಟರು. ಮೆಟ್ರೊಗೂ ಇದೇ ದಾರಿ. ಮೊದಲು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದು, ಆಮೇಲೆ ಜೊತೆಗೊಬ್ಬರನ್ನು ಕರೆದುಕೊಂಡು ಸುರಂಗದಲ್ಲಿ ಒಂದೇ ನಿಲ್ದಾಣ, ಭಯ ಏರಿ ತಾನಾಗಿ ಇಳಿಯುವವರೆಗೆ ಕಾಯುವುದು, ನಂತರ ಒಬ್ಬರೇ. ಆಪ್ತಸಮಾಲೋಚಕರ ನೆರವಿದ್ದರೆ ಈ ಹಾದಿ ಸುಲಭವಾಗುತ್ತದೆ.

ಗಿಡಮೂಲಿಕೆಯ ಪರವಾದ ಗಟ್ಟಿ ವಾದಗಳೂ ಇವೆ; ಅವನ್ನು ತಳ್ಳಿಹಾಕುವುದು ಅನ್ಯಾಯ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒತ್ತಡದಲ್ಲಿದ್ದ 64 ಮಂದಿಯಲ್ಲಿ ಕೆಲವರಿಗೆ ಅಶ್ವಗಂಧದ ಬೇರಿನ ಸಾರವನ್ನು, ಉಳಿದವರಿಗೆ ಹುಸಿಮಾತ್ರೆಯನ್ನು 60 ದಿನ ಕೊಟ್ಟಾಗ ಬೇರು ಸೇವಿಸಿದವರ ಒತ್ತಡ ಹೆಚ್ಚು ಇಳಿದಿತ್ತು. ಅಧ್ಯಯನ ಚಿಕ್ಕದು, ಆದರೂ ಅದಕ್ಕೆ ಬೆಲೆಯಿದೆ. ಆಲ್ಪ್ರಜೋಲಮ್‌ನಂಥ ಮಾತ್ರೆಗಳು ಅಭ್ಯಾಸವಾಗಿ ಅಂಟಿಕೊಳ್ಳುತ್ತವೆ ಎಂಬ ಅಂಜಿಕೆಯೂ ನಿಜವೇ. ಎಲ್ಲಕ್ಕಿಂತ ಭಾರವಾದ ವಾದ ಮತ್ತೊಂದು: ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆಯವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಾಲ್ಕು ಜನ ಏನೆಂದಾರೋ ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತದವರು ಗ್ರಂಥಿಗೆ ಅಂಗಡಿಗೆ ಹೋದರೆ ಅವರನ್ನು ದೂರಲಾರೆ.

ಗಿಡದಿಂದ ಬಂದದ್ದು ಕೆಡುಕು ಮಾಡದು ಎನ್ನುವವರಿಗೆ ಮಾತ್ರ, ಅಂಗಳದ ವಿಷದ ಕಣಗಿಲೆಯೂ ಗಿಡವೇ ಎಂದಷ್ಟೇ ಹೇಳಬಲ್ಲೆ.

ಸರ್ಪಗಂಧವೆಂಬ ಮೂಲಿಕೆಯ ಕತೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣವನ್ನು ವೈದ್ಯಲೋಕಕ್ಕೆ ತಿಳಿಸಿದರು. 1949ರಲ್ಲಿ ಮುಂಬೈಯ ಡಾ. ರುಸ್ತುಂ ವಕೀಲ್ ರಕ್ತದೊತ್ತಡಕ್ಕೆ ಅದರ ಉಪಯೋಗವನ್ನು ಬರೆದರು. 1952ರಲ್ಲಿ ವಿಜ್ಞಾನಿಗಳು ಅದರ ಬೇರಿನಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು; ಆಮೇಲೆ ಅದನ್ನು ಜಗತ್ತಿನಾದ್ಯಂತ ಮದ್ದಾಗಿ ಕೊಟ್ಟರು. ಅದು ನಿಜಕ್ಕೂ ಕೆಲಸ ಮಾಡಿತು. ಜೊತೆಗೆ, ಸೇವಿಸಿದವರಲ್ಲಿ ಕೆಲವರು ಖಿನ್ನತೆಗೆ ಜಾರಿದ ವರದಿಗಳೂ ಬಂದವು. ಮೈಮೇಲೆ ಪರಿಣಾಮ ಬೀರುವ ಶಕ್ತಿಯಿದ್ದರೆ ಅಡ್ಡಪರಿಣಾಮದ ಶಕ್ತಿಯೂ ಇರುತ್ತದೆ. ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಥೈರಾಯ್ಡ್ ಮಾತ್ರೆ ನುಂಗುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಇದು ಆಯುರ್ವೇದವನ್ನು ಹಳಿಯುವ ಮಾತೆಂದು ಯಾರೂ ತಿಳಿಯಬಾರದು. ಚರಕಸಂಹಿತೆ ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ದೈವವನ್ನು ಆಶ್ರಯಿಸುವ ದೈವವ್ಯಪಾಶ್ರಯ, ಮದ್ದು-ಪಥ್ಯದ ಯುಕ್ತಿವ್ಯಪಾಶ್ರಯಗಳ ಜೊತೆಗೆ ಮೂರನೆಯದು ಸತ್ತ್ವಾವಜಯ, ಅಂದರೆ ಅಹಿತವಾದದ್ದರಿಂದ ಮನಸ್ಸನ್ನು ಹಿಂದಕ್ಕೆ ತಂದು ಗೆಲ್ಲುವುದು. ಮನಸ್ಸಿಗೆಂದೇ ಒಂದು ಚಿಕಿತ್ಸೆಯನ್ನು ಹೇಳಿದ ಶಾಸ್ತ್ರದಿಂದ ಚೂರ್ಣವನ್ನಷ್ಟೇ ಕಿತ್ತು ಡಬ್ಬಿಗೆ ತುಂಬಿ ಮಾರುವವರೇ ಆಯುರ್ವೇದಕ್ಕೆ ಅವಮಾನ ಮಾಡುತ್ತಿದ್ದಾರೆ.

ಹಾಗಾದರೆ ಅಶ್ವಗಂಧ ಬೇಡವೇ? ವೈದ್ಯರಿಗೆ ತಿಳಿಸಿ, ಮಿತವಾಗಿ, ಕೆಲವು ವಾರ ತೆಗೆದುಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಆಸ್ಪತ್ರೆಗೆ ಹೋಗಲು ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಮದ್ದಿನ ಗುಣವನ್ನು ಅಳೆಯುವಾಗ ಎಷ್ಟು ಆರಾಮಾಗಿದೆ ಎಂಬ ಪ್ರಶ್ನೆ ಸಾಲದು. ಭಯದಿಂದ ಕೈಬಿಟ್ಟಿದ್ದ ಯಾವ ಕೆಲಸ ಈಗ ಮತ್ತೆ ಕೈಗೆ ಬಂದಿದೆ ಎಂದು ಕೇಳಿಕೊಳ್ಳಬೇಕು. ಯಾವುದೂ ಇಲ್ಲವೆಂದಾದರೆ, ಆ ಮದ್ದು ಬೇರಿನ ಪುಡಿಯಾಗಿರಲಿ, ಡಾಕ್ಟರು ಬರೆದುಕೊಟ್ಟ ಮಾತ್ರೆಯಾಗಿರಲಿ, ಚಿಕಿತ್ಸೆ ಇನ್ನೂ ಶುರುವಾಗಿಲ್ಲ ಎಂದೇ ಅರ್ಥ.